ಹಡಗಿನ ಪಂಕ್ತಿ

ಮದುವೆಯ ಮನೆಯಲ್ಲಿ ಮೊದಲನೆಯ ಪಂಕ್ತಿಗೆ ಕೂರುವುದೋ ಎರಡನೆಯದಕ್ಕೆ ಕಾಯುವುದೋ ಎಂಬ ಪ್ರಶ್ನೆ ನಮಗೆಲ್ಲ ಪರಿಚಿತವಾದದ್ದೇ. ಅದೇ ಪ್ರಶ್ನೆ ಶಾಂತಸಾಗರದ ಮೇಲೂ ಎದುರಾದೀತೆಂದು ನಾನು ಎಣಿಸಿರಲಿಲ್ಲ. ಅಮೆರಿಕದಲ್ಲಿರುವ ಮಗಳು ನಮ್ಮಿಬ್ಬರಿಗೂ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಏಳು ದಿನಗಳ ಹಡಗಿನ ವಿಹಾರವನ್ನು ಗೊತ್ತುಮಾಡುವಾಗ ಕೇಳಿದಳು: "ರಾತ್ರಿಯ ಊಟಕ್ಕೆ ಗೊತ್ತಾದ ಮೇಜು ಬೇಕೋ, ಮನಸ್ಸು ಬಂದಾಗ ಹೋಗುವ ಏರ್ಪಾಡು ಬೇಕೋ?"

ಗೊತ್ತಾದ ಏರ್ಪಾಡಿನಲ್ಲಿ ಸಂಜೆ ಆರರ ಸುಮಾರಿಗೆ ಒಂದು ಪಂಕ್ತಿ, ಎಂಟು ಕಳೆದ ಮೇಲೆ ಇನ್ನೊಂದು. ಪ್ರತಿದಿನವೂ ಅದೇ ಮೇಜು, ಬಡಿಸಲು ಅದೇ ಜನ, ಎದುರಿಗೆ ಅವೇ ಮುಖಗಳು. ಒಂದು ಪಂಕ್ತಿ ಉಣ್ಣುವಾಗ ಇನ್ನೊಂದು ನಾಟಕಶಾಲೆಯಲ್ಲಿರುತ್ತದೆ. ಎರಡನೆಯ ಏರ್ಪಾಡಿನಲ್ಲಿ ಹಸಿದಾಗ ಹೋಗಬೇಕು, ಬರಿದಾದ ಮೇಜಿಗೆ ಕೂರಬೇಕು.

ಹಳೆಯ ಹಡಗುಗಳಲ್ಲಿ ಇಂಥ ಆಯ್ಕೆ ಇರಲಿಲ್ಲ. ಉದ್ದನೆಯ ಮೇಜು, ನೆಲಕ್ಕೆ ಬಿಗಿದ ತಿರುಗುಕುರ್ಚಿ, ಗಂಟೆ ಬಾರಿಸಿದಾಗ ಊಟ. 1905ರಲ್ಲಿ 'ಅಮೆರಿಕಾ' ಎಂಬ ಜರ್ಮನ್ ಹಡಗು, ಬೇಕಾದಾಗ ಬೇಕಾದುದನ್ನು ತರಿಸಿಕೊಳ್ಳುವ ಭೋಜನಗೃಹವನ್ನು ತೆರೆಯಿತು. 1912ರ ಟೈಟಾನಿಕ್‌ನಲ್ಲಿಯೂ ಅಂಥದೊಂದಿತ್ತು. ಆದರೆ ಮೊದಲ ದರ್ಜೆಯವರಿಗೆ ಮಾತ್ರ, ಅದೂ ಬೇರೆ ಹಣ ತೆತ್ತು. ಹೊತ್ತಿನ ಸ್ವಾತಂತ್ರ್ಯ ಸಿರಿವಂತರ ಸೊತ್ತಾಗಿತ್ತು. 2000ದಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ 'ಫ್ರೀಸ್ಟೈಲ್' ಎಂಬ ಹೆಸರಿನಲ್ಲಿ ಅದನ್ನು ಎಲ್ಲರಿಗೂ ಹಂಚಿತು. ಮುಂದೆ ಹಲವು ಕಂಪನಿಗಳು ಎರಡು ಬಗೆಯನ್ನೂ ಇಟ್ಟುಕೊಂಡವು.

ಮೂವತ್ತನಾಲ್ಕು ವರ್ಷ ಶಾಲೆಯ ಗಂಟೆಗೆ ಎದ್ದು ಕೂತ ಮೇಷ್ಟರು ನಾನು. ಸಹಜವಾಗಿಯೇ ಸ್ವಾತಂತ್ರ್ಯದ ಕಡೆ ವಾಲಿದೆ. ನನ್ನ ಹೆಂಡತಿ ಒಪ್ಪಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ. ಮಾತ್ರೆಗೂ ಊಟಕ್ಕೂ ಹೊತ್ತು ತಪ್ಪಬಾರದು. ಮೇಲಾಗಿ, "ದಿನಕ್ಕೊಬ್ಬ ಹೊಸಬನಿಗೆ 'ಮೀನು ಬೇಡ, ಮೊಟ್ಟೆ ಬೇಡ' ಎಂದು ಪಾಠ ಒಪ್ಪಿಸಲಾರೆ" ಎಂದಳು. ಮೊದಲನೆಯ ಪಂಕ್ತಿಯೇ ನಿಶ್ಚಯವಾಯಿತು.

ಅವಳ ಲೆಕ್ಕ ತಪ್ಪಲಿಲ್ಲ. ಬಡಿಸುತ್ತಿದ್ದ ಫಿಲಿಪ್ಪೀನ್ಸ್‌ನ ಯುವಕ ಎರಡನೆಯ ದಿನದಿಂದಲೇ ಮರುದಿನದ ಸಸ್ಯಾಹಾರವನ್ನು ಹಿಂದಿನ ರಾತ್ರಿಯೇ ಕೇಳಿ ಬರೆದುಕೊಳ್ಳತೊಡಗಿದ. ನನ್ನ ಲೆಕ್ಕವೂ ತಪ್ಪಲಿಲ್ಲ. ಜೂನೋ ಪಟ್ಟಣದಲ್ಲಿ ಜೂನ್ ತಿಂಗಳ ಹಗಲು ರಾತ್ರಿ ಹತ್ತರವರೆಗೂ ಇರುತ್ತದೆ. ಮೆಂಡನ್‌ಹಾಲ್ ಹಿಮನದಿಯ ನೀಲಿಯನ್ನು ಕಣ್ತುಂಬ ನೋಡುವ ಮೊದಲೇ, ಆರರ ಊಟಕ್ಕೆಂದು ಬಸ್ಸು ಹತ್ತಬೇಕಾಯಿತು. ಅಂದು ಉಂಡ ಅನ್ನಕ್ಕಿಂತ ನುಂಗಿದ ಕೋಪವೇ ಹೆಚ್ಚು.

ನಮ್ಮ ಮೇಜಿನಲ್ಲಿ ಕೆನಡಾದ ವೃದ್ಧರೊಬ್ಬರಿದ್ದರು. ಪತ್ನಿಯನ್ನು ಕಳೆದುಕೊಂಡು ಒಬ್ಬರೇ ಬಂದವರು. ತಮ್ಮ ರೈಲ್ವೆ ನೌಕರಿಯ ಕಥೆಯನ್ನು ಪ್ರತಿ ಸಂಜೆಯೂ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಮೂರನೆಯ ದಿನ ನಾನು ಮೇಜು ಬದಲಿಸಿಕೊಡುವಂತೆ ಕೇಳಲು ಮುಖ್ಯ ಪರಿಚಾರಕನ ಬಳಿಗೆ ಹೊರಟವನು ಸಂಕೋಚದಿಂದ ಹಿಂತಿರುಗಿದೆ.

ನಾಲ್ಕನೆಯ ಸಂಜೆ ಅವರ ಕುರ್ಚಿ ಬರಿದಾಗಿತ್ತು. ಒಪ್ಪಿಕೊಳ್ಳಬೇಕಾದ ಮಾತು: ನನಗೆ ನೆಮ್ಮದಿಯೇ ಆಯಿತು. ನನ್ನ ಹೆಂಡತಿ ಮಾತ್ರ ಸಾರನ್ನು ಮುಟ್ಟದೆ, "ಅವರು ತಡಮಾಡುವವರಲ್ಲ, ವಿಚಾರಿಸಿ" ಎಂದಳು. ನಾನು ಏಳುವುದರೊಳಗೆ ಆ ಯುವಕನೇ ಟೆಲಿಫೋನಿನತ್ತ ನಡೆದಿದ್ದ. ಉತ್ತರ ಬರಲಿಲ್ಲ. ಕೋಣೆಯ ಬಾಗಿಲು ತೆರೆದಾಗ ಅವರು ಸ್ನಾನದ ಮನೆಯಲ್ಲಿ ಜಾರಿಬಿದ್ದು, ಕಾಲೆತ್ತಲಾಗದೆ, ಟೆಲಿಫೋನು ಕೈಗೆಟುಕದೆ ಒರಗಿದ್ದರಂತೆ. ಹಡಗಿನ ವೈದ್ಯರು ಆರೈಕೆ ಮಾಡಿದರು. ಮನಸ್ಸು ಬಂದಾಗ ಉಣ್ಣುವ ಸಾಲಿನಲ್ಲಿ ಅವರಿದ್ದರೆ, ಅವರು ಬಾರದಿದ್ದುದು ಊಟದ ಮನೆಯಲ್ಲಿ ಯಾರ ಗಮನಕ್ಕೆ ಬರುತ್ತಿತ್ತು?

ಆರನೆಯ ಸಂಜೆ ಗಾಲಿಕುರ್ಚಿಯಲ್ಲಿ ಬಂದರು. ಕಥೆಯನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡರು. ಆ ರಾತ್ರಿ ಅದನ್ನು ಕೊನೆಯವರೆಗೆ ಕೇಳಿದೆ. ಅದು ಒಳ್ಳೆಯ ಕಥೆಯೇ ಆಗಿತ್ತು.

ನಿಮ್ಮಲ್ಲಿ ಯಾರಾದರೂ ಇಂಥ ಪ್ರಯಾಣಕ್ಕೆ ಹೊರಟರೆ, ಮಕ್ಕಳು ಮರಿಗಳೊಡನೆ ಹತ್ತು ಜನ ಹೋಗುವವರು ಮನಸ್ಸು ಬಂದಂತೆ ಉಣ್ಣಲಿ. ಅವರಿಗೆ ಅವರೇ ಪಂಕ್ತಿ. ದಿನವೂ ಊರು ಸುತ್ತುವವರಿಗೂ ಅದೇ ಲೇಸು. ಒಂಟಿಯಾಗಿ ಹೋಗುವವರು, ಅಥವಾ ನಮ್ಮಂತೆ ಒಬ್ಬರ ಕಥೆಯೆಲ್ಲ ಇನ್ನೊಬ್ಬರಿಗೆ ಬಾಯಿಪಾಠವಾಗಿರುವ ದಂಪತಿಗಳು, ಗೊತ್ತಾದ ಮೇಜನ್ನು ಕೇಳುವುದು ಒಳ್ಳೆಯದು. ಜೊತೆ ಹಿಡಿಸದಿದ್ದರೆ ಮೊದಲ ದಿನವೇ ಹೇಳಿ ಬದಲಿಸಿಕೊಳ್ಳಲು ಅವಕಾಶವುಂಟು. ಆದರೆ ಎರಡು ದಿನ ತಾಳಿ ನೋಡಿ.

ಮುಂದಿನ ಸಲ ನಾನು ಎರಡನೆಯ ಪಂಕ್ತಿಯನ್ನು ಕೇಳಬೇಕೆಂದಿದ್ದೇನೆ; ಹಿಮನದಿಯ ಎದುರು ಇನ್ನೆರಡು ಗಂಟೆ ನಿಲ್ಲಬಹುದು. ಮಾತ್ರೆಯ ವಿಷಯವನ್ನು ಹೆಂಡತಿಯೊಡನೆ ಇನ್ನೂ ಮಾತನಾಡಿಲ್ಲ.