ಎಲೆ ಕಾಯುವುದಿಲ್ಲ
(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಕಡಿದ ಕಬ್ಬು ಲಾರಿ ಬಾರದೆ ಗದ್ದೆಯಲ್ಲೇ ಒಣಗುವ ಸಂಕಟ ನಿಮಗೆ ಗೊತ್ತು. ಕಾಯಿಸುವವರು ಕಾರ್ಖಾನೆಯವರು, ತೂಕ ಇಳಿಯೋದು ನಮ್ಮದು. ಇದೇ ಸಂಕಟದ ಇನ್ನೊಬ್ಬ ರೈತನ ವಿಷಯ ಇವತ್ತು ಹೇಳ್ತೀನಿ. ಅವನು ಅಸ್ಸಾಮಿನವನು. ಅವನ ಬೆಳೆ ಚಹಾ.

ಅಸ್ಸಾಂ ಚಹಾ ಅಂದರೆ ಕಡಕ್ ಚಹಾ. ಬ್ರಹ್ಮಪುತ್ರ ಕಣಿವೆಯ ತಗ್ಗು ನೆಲ, ಜಡಿಮಳೆ, ಬೆವರಿಳಿಸುವ ಸೆಖೆ, ಅಗಲ ಎಲೆಯ ಅಲ್ಲಿನದೇ ತಳಿ. ಇಷ್ಟೂ ಸೇರಿ ಆ ಕೆಂಪು, ಆ ಗಡಸು. ಹಾಲು ಹುಯ್ದರೂ ರುಚಿ ಸೋಲುವುದಿಲ್ಲ. ದೇಶದ ಚಹಾದಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲಿಯದೇ.

ಆ ಗಿಡವನ್ನು ಬ್ರಿಟಿಷರು ತಂದು ನೆಟ್ಟದ್ದಲ್ಲ. ಸಿಂಗ್‌ಫೋ ಜನ ಮೊದಲೇ ಅದರ ಎಲೆ ಬಳಸುತ್ತಿದ್ದರು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬಾತ ಅದನ್ನು ಕಂಡ. 1839ರಲ್ಲಿ ಲಂಡನ್ನಿನಲ್ಲಿ ಅಸ್ಸಾಂ ಕಂಪನಿ ಹುಟ್ಟಿತು. ನೆಲ ಕಂಪನಿಗಳದಾಯ್ತು, ದುಡಿಮೆ ಛೋಟಾ ನಾಗಪುರದಿಂದ ಕರಾರಿನ ಮೇಲೆ ತಂದ ಬಡವರದಾಯ್ತು. ಸ್ವಂತ ತೋಟ ಮಾಡಿದ ಮಣಿರಾಮ್ ದಿವಾನರನ್ನು, ದಂಗೆಗೆ ಸಂಚು ಹೂಡಿದರೆಂದು 1858ರಲ್ಲಿ ಗಲ್ಲಿಗೇರಿಸಿದರು.

1970ರ ದಶಕದ ಕೊನೆಯಿಂದ ಸಣ್ಣ ರೈತರೂ ತಮ್ಮ ಜಮೀನಿನಲ್ಲಿ ಚಹಾ ನೆಟ್ಟರು. ಇಂದು ಅಂಥವರು ಲಕ್ಷಕ್ಕೂ ಮಿಕ್ಕಿ ಇದ್ದಾರೆ. ನೆಲ ಅವರದು, ಗಿಡ ಅವರದು. ಬೆಲೆ ಕಟ್ಟುವವರು ಯಾರು?

ಕಿತ್ತ ಚಿಗುರು ಕೆಲವೇ ತಾಸಿನಲ್ಲಿ ಕಾರ್ಖಾನೆ ಸೇರಬೇಕು, ಇಲ್ಲವಾದರೆ ಚೀಲದಲ್ಲೇ ಬಿಸಿಯಾಗಿ ಕಂದುತ್ತದೆ. ಕೀಳದೆ ಬಿಟ್ಟರೆ ಗಿಡದಲ್ಲೇ ಬಲಿತು ಒರಟಾಗುತ್ತದೆ. ಅದೇ ಎಲೆ ಪುಡಿಯಾದ ಮೇಲೆ ತಿಂಗಳುಗಟ್ಟಲೆ ಕಾಯುತ್ತೆ, ಗುವಾಹಟಿಯ ಹರಾಜಿಗೆ ಸಮಯ ನೋಡಿಕೊಂಡು ಹೋಗುತ್ತೆ. ಹೀಗಾಗಿ ಗೇಟಿನಲ್ಲಿ ಹೇಳಿದ್ದೇ ಬೆಲೆ. ನಡುವೆ ಎಲೆ ಏಜೆಂಟ್ ಬೇರೆ.

ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಪುಡಿಗೆ ಸುಮಾರು ನಾಲ್ಕೂವರೆ ಕಿಲೋ ಹಸಿ ಎಲೆ ಬೇಕು. ಎಲೆಗೆ ಕಿಲೋಗೆ ಬರೀ 5 ರೂಪಾಯಿ ಇಳಿಸಿದರು ಅನ್ನಿ, ಪುಡಿಯ ಪ್ರತಿ ಕಿಲೋಗೆ 22 ರೂಪಾಯಿ 50 ಪೈಸೆ ರೈತನ ಕೈಯಿಂದ ಜಾರಿತು. ಅಂಗಡಿಯ ಪೊಟ್ಟಣದ ಬೆಲೆ ಇಳಿಯಿತೇ? ನೀವೇ ಹೇಳಿ.

ಕಾನೂನು ಇಲ್ಲವೆಂದಲ್ಲ. ಹರಾಜಿನ ಬೆಲೆಯನ್ನು ಬೆಳೆಗಾರನೂ ಕಾರ್ಖಾನೆಯೂ ಸೂತ್ರದ ಪ್ರಕಾರ ಹಂಚಿಕೊಳ್ಳಬೇಕೆಂದು 2003ರ ಚಹಾ ಮಾರಾಟ ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಆ ಸೂತ್ರ ಹರಾಜಿನ ಬೆಲೆಯ ಬಾಲ ಹಿಡಿದು ಹೋಗುತ್ತದೆ. ಗೊಬ್ಬರಕ್ಕೆಷ್ಟು, ಕೀಳುವ ಹೆಣ್ಣುಮಕ್ಕಳ ಕೂಲಿಗೆಷ್ಟು, ಸಾಲದ ಬಡ್ಡಿಗೆಷ್ಟು ಎಂದು ಕೇಳುವುದಿಲ್ಲ. ಹರಾಜು ಬಿದ್ದರೆ ಪಾಲೂ ಬಿತ್ತು. ಪಾಲು ಸಿಗುವುದು ಬೇರೆ, ಖರ್ಚು ಹುಟ್ಟುವುದು ಬೇರೆ.

ಅಲ್ಲಿ ಕೆಲವರು ತಾವೇ ಸಣ್ಣ ಯಂತ್ರ ಹಾಕಿ ಪುಡಿ ಮಾಡತೊಡಗಿದ್ದಾರೆ. ಎಲ್ಲರಿಗೂ ಅದು ಆಗುವ ಮಾತಲ್ಲ. ಆದರೆ ಎಕರೆಗೆ ಏನು ಖರ್ಚಾಯಿತು ಎಂದು ಬರೆದಿಡೋದು ಎಲ್ಲರಿಗೂ ಆಗುತ್ತೆ. ಇವತ್ತು ಮನೆಗೆ ಹೋಗಿ ಕಡಕ್ ಚಹಾ ಕುಡಿಯಿರಿ, ಜೊತೆಗೆ ಒಂದು ಪುಸ್ತಕ ತೆಗೆದು ನಿಮ್ಮ ಖರ್ಚು ಬರೆಯಿರಿ. ಮುಂದಿನ ಸಭೆಗೆ ಆ ಪುಸ್ತಕ ತನ್ನಿ. ಬೆಲೆ ಕೇಳಲು ಹೋಗುವಾಗ ನಮ್ಮ ಕೈಯಲ್ಲಿ ಅದಿರಬೇಕು.