ಕೊರೆಯುವ ಮೊದಲು ಅಳೆಯಿರಿ

(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಕೇಳಿಕೊಂಡರು. ಸಾಫ್ಟ್‌ವೇರ್ ಉದ್ಯೋಗದ ಬಗ್ಗೆ ಹೇಳಲು ನನಗಿಂತ ಬಲ್ಲವರಿದ್ದಾರೆ. ನಾನು ಡ್ರಿಲ್ ಮೆಷಿನ್ ಮತ್ತು ನೀರಿನ ಬಗ್ಗೆ ಹೇಳುತ್ತೇನೆ.

ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ನಮ್ಮ ಮನೆಗೆ ಕಂಪ್ಯೂಟರ್ ಬಂತು. ಅಣ್ಣ ಗಲ್ಫಿನಿಂದ ಕಳುಹಿಸಿದ ಹಣದಲ್ಲಿ ಕೊಂಡದ್ದು. ಬೇಸಿಗೆಯಲ್ಲಿ ಅದು ಬಿಸಿಯಾಗಿ ತಾನಾಗಿಯೇ ಆಫ್ ಆಗುತ್ತಿತ್ತು. ನೀರಿನಿಂದ ತಂಪು ಮಾಡಬಹುದೆಂದು ಎಲ್ಲೋ ಓದಿದ್ದೆ. ಮಾಡಿಯೇ ಬಿಡೋಣ ಎಂದುಕೊಂಡೆ.

ಮೊದಲು ತತ್ವ ತಿಳಿದುಕೊಳ್ಳೋಣ. ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಒಂದೇ ಗಾತ್ರದ ಗಾಳಿ ಮತ್ತು ನೀರನ್ನು ಹೋಲಿಸಿದರೆ, ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖವನ್ನು ಹೊರಬಲ್ಲದು. ನಿಮಿಷಕ್ಕೆ 1 ಲೀಟರ್ ನೀರು ಹರಿದರೆ ಸಾಕು, 100 ವ್ಯಾಟ್ ಶಾಖವನ್ನು ಹೊತ್ತೊಯ್ಯುವಾಗ ಆ ನೀರಿನ ಬಿಸಿ ಏರುವುದು ಸುಮಾರು 1.4 ಡಿಗ್ರಿ ಮಾತ್ರ. 1985ರ ಕ್ರೇ-2 ಸೂಪರ್ ಕಂಪ್ಯೂಟರಿನ ಸರ್ಕ್ಯೂಟ್‌ಗಳನ್ನು ವಿದ್ಯುತ್ ಹರಿಯದ ದ್ರವದಲ್ಲಿ ಮುಳುಗಿಸಿಯೇ ಇಟ್ಟಿದ್ದರು. 2024ರಲ್ಲಿ ಎನ್ವಿಡಿಯಾ ಪ್ರಕಟಿಸಿದ, 72 ಜಿಪಿಯುಗಳ ಎನ್‌ವಿಎಲ್72 ಕೂಡ ದ್ರವದಿಂದಲೇ ತಂಪಾಗುತ್ತದೆ.

ಆದರೆ ಇದರಲ್ಲಿ ಮಾಯೆಯೇನೂ ಇಲ್ಲ. ನೀರು ಹೊತ್ತ ಶಾಖವನ್ನು ರೇಡಿಯೇಟರ್ ಕೋಣೆಯ ಗಾಳಿಗೇ ಬಿಡುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಕೋಣೆ 33 ಡಿಗ್ರಿ ಇದ್ದರೆ ನೀರು ಅದಕ್ಕಿಂತ ಕೆಳಗೆ ಇಳಿಯಲಾರದು. ಪೈಪಿನ ಮೇಲೆ ಇಬ್ಬನಿ ಕಟ್ಟದಿರುವುದಕ್ಕೂ ಇದೇ ಕಾರಣ.

ಗುಜರಿ ಅಂಗಡಿಯಲ್ಲಿ ಹಳೆಯ ಕಾರಿನ ಹೀಟರಿನ ಪುಟ್ಟ ರೇಡಿಯೇಟರ್ ಸಿಕ್ಕಿತು. ತಾಮ್ರ, ಹಿತ್ತಾಳೆಯದು. ಮೀನಿನ ತೊಟ್ಟಿಯ ಪಂಪ್ ತಂದೆ. ಪ್ರೊಸೆಸರ್ ಮೇಲೆ ಕೂರುವ ತಾಮ್ರದ ಬ್ಲಾಕನ್ನು ಮಾತ್ರ ಹೊರಗಿನಿಂದ ತರಿಸಿದೆ. ಅಲ್ಯೂಮಿನಿಯಂ ರೇಡಿಯೇಟರ್ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಒಂದೇ ನೀರಿನಲ್ಲಿ ತಾಮ್ರವೂ ಅಲ್ಯೂಮಿನಿಯಮ್ಮೂ ಇದ್ದರೆ ಅಲ್ಯೂಮಿನಿಯಂ ಸವೆದು ತೂತು ಬೀಳುತ್ತದೆ.

ಇನ್ನು ಕ್ಯಾಬಿನೆಟ್ ಕೊರೆಯುವ ಕೆಲಸ. ಬಿಸಿಗಾಳಿ ಮೇಲಕ್ಕೆ ಹೋಗುತ್ತದೆಂದು ಪಾಠದಲ್ಲಿ ಓದಿದ್ದೆನಲ್ಲ, ಸೀದಾ ಮೇಲ್ಭಾಗದಲ್ಲೇ ದೊಡ್ಡ ತೂತು ಕೊರೆದೆ. ರೇಡಿಯೇಟರ್ ಇಳಿಸಲು ಹೋದರೆ ಇಳಿಯಲಿಲ್ಲ. ರೇಡಿಯೇಟರಿನ ದಪ್ಪ 50 ಮಿಲಿಮೀಟರ್, ಫ್ಯಾನಿನದು 25. ಒಟ್ಟು 75. ಕೆಳಗೆ ಎಸ್‌ಎಂಪಿಎಸ್ ಅಡ್ಡ ಕೂತಿತ್ತು! ಅಗಲವನ್ನು ಅಳೆದಿದ್ದೆ, ದಪ್ಪವನ್ನು ಅಳೆದಿರಲಿಲ್ಲ. ಅಣ್ಣ ವರ್ಷಗಟ್ಟಲೆ ಬಿಸಿಲಲ್ಲಿ ದುಡಿದ ಹಣದ ಪೆಟ್ಟಿಗೆಗೆ ತೂತು ಮಾಡಿ ಕೂತಿದ್ದೆ. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಪೆಟ್ಟಿಗೆ ಹೊತ್ತು ಪೇಟೆಯ ರೇಡಿಯೇಟರ್ ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಕಾಕಾ ಶಾಲೆ ಕಂಡವರಲ್ಲ. ತೂತು ನೋಡಿ ನಗಲಿಲ್ಲ. "ಮಗಾ, ತಗಡು ಕತ್ತರಿಸುವ ಮೊದಲು ರಟ್ಟು ಕತ್ತರಿಸಬೇಕು" ಎಂದರು. ತೂತಿಗೆ ತಗಡಿನ ತೇಪೆ ಹಾಕಿಕೊಟ್ಟರು. ರೇಡಿಯೇಟರಿನ ಬಾಯಿ ಮುಚ್ಚಿ, ಒಳಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಒಂದು ಮೂಲೆಯಿಂದ ಗುಳ್ಳೆ ಬಂತು. ಅಲ್ಲಿಗೆ ಬೆಸುಗೆ ಹಾಕಿದರು. ದುಡ್ಡು ಕೊಡಹೋದರೆ, "ಕಲಿಯುವ ಹುಡುಗನಿಂದ ಎಂಥ ದುಡ್ಡು" ಎಂದರು.

ಮನೆಗೆ ಬಂದು ರೇಡಿಯೇಟರ್ ಮತ್ತು ಫ್ಯಾನಿನ ಅಳತೆಯ ರಟ್ಟಿನ ಡಬ್ಬಿ ಮಾಡಿ ಒಳಗೆಲ್ಲ ಇಟ್ಟು ನೋಡಿದೆ. ಜಾಗ ಇದ್ದದ್ದು ಮುಂಭಾಗದ ಕೆಳಗೆ, ಹಾರ್ಡ್ ಡಿಸ್ಕ್ ಇದ್ದಲ್ಲಿ. ಅದನ್ನು ಮೇಲಿನ ಖಾನೆಗೆ ಸರಿಸಿದೆ. ಮದರ್‌ಬೋರ್ಡ್, ಎಸ್‌ಎಂಪಿಎಸ್ ಎಲ್ಲವನ್ನೂ ಹೊರಗೆ ತೆಗೆದೆ. ಇದು ಬಹಳ ಮುಖ್ಯ. ಕಬ್ಬಿಣದ ಒಂದು ಚೂರು ಬೋರ್ಡಿನ ಮೇಲೆ ಉಳಿದರೂ ಶಾರ್ಟ್ ಆಗಬಹುದು. ತಗಡಿಗೆ ಟೇಪ್ ಅಂಟಿಸಿ ಅದರ ಮೇಲೆ ಗುರುತು ಹಾಕಿದೆ. 120 ಮಿಲಿಮೀಟರ್ ಫ್ಯಾನಿನ ಸ್ಕ್ರೂಗಳ ನಡುವಿನ ಅಂತರ 105 ಮಿಲಿಮೀಟರ್. ಕೊರೆದ ಅಂಚನ್ನು ಅರದಿಂದ ಉಜ್ಜಿ, ತುಕ್ಕು ಹಿಡಿಯದಂತೆ ಬಣ್ಣ ಬಳಿದು, ಪೈಪ್ ಹಾಯುವಲ್ಲಿ ರಬ್ಬರ್ ಬಳೆ ಕೂರಿಸಿದೆ. ಹರಿತ ತಗಡು ಪೈಪನ್ನು ಕೊಯ್ಯಬಾರದಲ್ಲ.

ಕೊನೆಗೆ ಸೋರಿಕೆ ಪರೀಕ್ಷೆ. ಡಿಸ್ಟಿಲ್ಡ್ ವಾಟರ್ ತುಂಬಿ, ಕಂಪ್ಯೂಟರಿಗೆ ಕರೆಂಟು ಕೊಡದೆ ಪಂಪ್ ಮಾತ್ರ ಓಡಿಸಿದೆ. ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಸುತ್ತಿದ್ದೆ. ಎರಡು ಗಂಟೆ ಏನೂ ಆಗಲಿಲ್ಲ. ಸಾಕು, ಆನ್ ಮಾಡೋಣ ಎಂದು ಕೈ ತುರಿಸುತ್ತಿತ್ತು. ಕಾಕಾನ ತೊಟ್ಟಿ ನೆನಪಾಗಿ ತಡೆದುಕೊಂಡೆ. ಮೂರನೇ ಗಂಟೆಯಲ್ಲಿ ಬ್ಲಾಕಿನ ಬಳಿಯ ಕಾಗದ ಒದ್ದೆಯಾಯಿತು. ಒಂದು ಕ್ಲಿಪ್ ಸಡಿಲವಿತ್ತು, ಅಷ್ಟೇ. ಅವಸರ ಮಾಡಿದ್ದರೆ ಬೋರ್ಡೇ ಹೋಗುತ್ತಿತ್ತು. ಬಿಗಿ ಮಾಡಿ, ಒರೆಸಿ, ಮತ್ತೆ ಪೂರ್ತಿ 24 ಗಂಟೆ ಓಡಿಸಿ, ಆಮೇಲೆ ಕರೆಂಟು ಕೊಟ್ಟೆ. ಆ ಬೇಸಿಗೆಯಲ್ಲಿ ಕಂಪ್ಯೂಟರ್ ಮತ್ತೆ ತಾನಾಗಿ ಆಫ್ ಆಗಲಿಲ್ಲ.

ವಿದ್ಯಾರ್ಥಿಗಳೇ, ಇಂದು ನೀರು ತುಂಬಿಸಿ ಮುಚ್ಚಿದ ಕೂಲರ್‌ಗಳೇ ಅಂಗಡಿಯಲ್ಲಿ ಸಿಗುತ್ತವೆ. ಕೊಂಡು ಹಾಕಿದರೆ ಕೆಲಸವಾಗುತ್ತದೆ. ಆದರೂ ಒಂದು ಹಳೆಯ ಕ್ಯಾಬಿನೆಟ್ ಸಿಕ್ಕರೆ ಕೊರೆದು ನೋಡಿ ಎಂದೇ ಹೇಳುತ್ತೇನೆ. ಶಾಖದ ಸೂತ್ರ ನನಗೆ ಪರೀಕ್ಷೆಯಲ್ಲಿ ಅಂಕ ತಂದುಕೊಟ್ಟಿತ್ತು. ಆದರೆ ಅಳೆಯುವುದನ್ನೂ ಕಾಯುವುದನ್ನೂ ಕಲಿಸಿದ್ದು ಆ ರಿಪೇರಿ ಅಂಗಡಿ. ನಮ್ಮ ಪೇಟೆಗಳಲ್ಲಿ ಅಂಥ ಗುರುಗಳು ಈಗಲೂ ಇದ್ದಾರೆ. ನಾವೇ ಅವರ ಬಳಿ ಹೋಗಿ ಕೂರುತ್ತಿಲ್ಲ.

ರಜೆಯಲ್ಲಿ ಊರಿಗೆ ಬಂದ ಅಣ್ಣ ಮೇಲಿನ ತೇಪೆ ನೋಡಿ, "ಇದೇನೋ?" ಎಂದು ಕೇಳಿದ. "ನನ್ನ ಮೊದಲ ಪಾಠ" ಎಂದೆ. ತೇಪೆ ಹಾಕಿದ ಆ ಪೆಟ್ಟಿಗೆ ಇಂದಿಗೂ ನಮ್ಮ ಮನೆಯಲ್ಲಿದೆ. ನೋಡಬೇಕೆನಿಸಿದವರು ಬನ್ನಿ.