ಸಣ್ಣ ಟ್ರಾಕ್ಟರೂ ಮಣ್ಣು ತೋಡುವ ಕೈಯೂ



ನಾನು ಕೃಷಿ ಪಂಡಿತನಲ್ಲ. ಬೆಂಗಳೂರಿನ ರಾಜಾಜಿನಗರದಲ್ಲಿ ಕಬ್ಬಿಣ ಬೆಸೆಯುವ ಒಂದು ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದೇನೆ. ಮಾಗಡಿ ರಸ್ತೆಯ ಕಡೆಯಿಂದ ಬರುವ ರೈತರು ಮುರಿದ ನೇಗಿಲು, ಕುಂಟೆ, ಟ್ರೈಲರಿನ ಕೊಂಡಿ ಎಲ್ಲವನ್ನೂ ನಮ್ಮ ಬಾಗಿಲಿಗೆ ತರುತ್ತಾರೆ. ಮುರಿದ ಸಾಮಾನನ್ನು ಕೈಯಲ್ಲಿ ಹಿಡಿದರೆ ಅದು ಹೇಗೆ ಮುರಿಯಿತು ಅನ್ನೋದು ಅರ್ಧ ತಿಳಿದುಬಿಡುತ್ತದೆ.

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಒಬ್ಬ ಹುಡುಗ ಬಾಗಿದ ಟಾಪ್ ಲಿಂಕ್ ಹಿಡಿದುಕೊಂಡು ಬಂದ.

"ಇದನ್ನ ನೆಟ್ಟಗೆ ಮಾಡಿಕೊಡಿ ಸಾರ್."

"ಹೇಗಪ್ಪಾ ಬಾಗ್ತು?"

"ಪೈಪಿಗೆ ಚರಂಡಿ ತೋಡ್ತಾ ಇದ್ವಿ. ಬಂಡೆ ಸಿಕ್ತು. ಅಪ್ಪ ಬಕೆಟನ್ನ ಜೋರಾಗಿ ಕೆಳಕ್ಕೆ ಒತ್ತಿದ್ರು. ಬಕೆಟ್ ಇಳೀಲಿಲ್ಲ, ಹಿಂದಿನ ಮಿಷಿನ್ನೇ ಮೇಲಕ್ಕೆ ಎದ್ಬಿಡ್ತು. ಅಪ್ಪ ಕೂತಿದ್ದ ಸೀಟೂ ಅದರ ಜೊತೇಲೇ ಎದ್ದು, ಬೆನ್ನು ಟ್ರಾಕ್ಟರಿನ ಕಮಾನಿಗೆ ಸಿಕ್ಕಿಕೊಳ್ತು."

ಹುಡುಗ ಓಡಿಹೋಗಿ ಎಂಜಿನ್ ನಿಲ್ಲಿಸಿದ್ದರಿಂದ ತಂದೆಯ ಜೀವ ಉಳಿಯಿತು. ಪಕ್ಕೆಲುಬು ಎರಡು ಮುರಿದಿದ್ದವು. ಆ ಲಿಂಕನ್ನು ನಾನು ನೆಟ್ಟಗೆ ಮಾಡಿಕೊಡಲಿಲ್ಲ. ಏಕೆ ಮಾಡಿಕೊಡಲಿಲ್ಲ ಎಂಬುದನ್ನೇ ಈ ಹೊತ್ತು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

ಮಣ್ಣು ತೋಡುವ ಕೈ ಇರುವ ಯಂತ್ರಕ್ಕೆಲ್ಲ ನಮ್ಮ ಹಳ್ಳಿಗಳಲ್ಲಿ ಜೆಸಿಬಿ ಎಂದೇ ಹೆಸರು. ಅದು ಇಂಗ್ಲೆಂಡಿನ ಒಂದು ಕಂಪನಿಯ ಹೆಸರು. 1979ರಲ್ಲಿ ನಮ್ಮ ದೇಶಕ್ಕೆ ಬಂತು. ಹೆಸರು ಯಂತ್ರಕ್ಕೇ ಅಂಟಿಕೊಂಡಿತು. ಆ ದೊಡ್ಡ ಯಂತ್ರ 7 ಟನ್ನಿಗೂ ಮೇಲೆ ತೂಗುತ್ತದೆ, ತೋಡುವುದಕ್ಕೆಂದೇ ಹುಟ್ಟಿದ್ದು. ನಮ್ಮ ಮಿನಿ ಟ್ರಾಕ್ಟರಾದರೋ ಒಂದು ಟನ್ ಆಸುಪಾಸಿನದು, ಹುಟ್ಟಿದ್ದು ಉಳುವುದಕ್ಕೆ. ಅದರ ಬೆನ್ನಿಗೆ ತೋಡುವ ಕೈಯನ್ನು ನಾವು ಆಮೇಲೆ ಕಟ್ಟುತ್ತೇವೆ. ಈ ವ್ಯತ್ಯಾಸ ಮರೆತಲ್ಲೇ ತೊಂದರೆ ಶುರುವಾಗುವುದು.

ನೇಗಿಲು ಕಟ್ಟುವ ಹಿಂದಿನ ಮೂರು ತೋಳುಗಳನ್ನು ತಾವೆಲ್ಲ ನೋಡಿದ್ದೀರಿ. ಲಿಫ್ಟು ಅವನ್ನು ಮೇಲಕ್ಕೆ ಎತ್ತುತ್ತದೆ, ಆದರೆ ಸಾಮಾನ್ಯವಾಗಿ ಕೆಳಕ್ಕೆ ಒತ್ತಿ ಹಿಡಿಯುವುದಿಲ್ಲ. ಕೆಳಗಿನಿಂದ ಏನಾದರೂ ನೂಕಿದರೆ ತೋಳುಗಳು ಸರಾಗವಾಗಿ ಮೇಲೇಳುತ್ತವೆ. ನೇಗಿಲಿಗೆ ಇದು ಒಳ್ಳೆಯದೇ, ಕಲ್ಲು ಸಿಕ್ಕರೆ ಹತ್ತಿ ಇಳಿಯುತ್ತದೆ. ತೋಡುವ ಕೈಗೆ ಇದೇ ಕಂಟಕ. ಬಕೆಟ್ಟು ನೆಲವನ್ನು ಒತ್ತಿದಷ್ಟೇ ಬಲದಿಂದ ನೆಲ ಅದನ್ನು ತಿರುಗಿ ಒತ್ತುತ್ತದೆ. ಬಕೆಟ್ಟಿಗೆ ದಾರಿ ಸಿಗದಿದ್ದರೆ, ಅದನ್ನು ಆಡಿಸುವವನು ಕೂತ ಸೀಟಿನ ಸಮೇತ ಎಲ್ಲವೂ ಎದ್ದು ಟ್ರಾಕ್ಟರಿನ ಕಡೆ ಮಡಚಿಕೊಳ್ಳುತ್ತದೆ. ಆ ತಂದೆಗೆ ಆದದ್ದು ಇದೇ. ಹೊಸ ಟಾಪ್ ಲಿಂಕ್ ಹಾಕಿದ್ದರೂ ಮತ್ತೆ ಆಗುತ್ತಿತ್ತು.

ಆದುದರಿಂದ ಕೊಳ್ಳುವಾಗಲೇ ಕೇಳಿ: ಇದಕ್ಕೆ ಅಡಿ ಚೌಕಟ್ಟು ಇದೆಯೇ? ಟ್ರಾಕ್ಟರಿನ ಹೊಟ್ಟೆಯ ಕೆಳಗೆ ಹಾದು, ಮುಂದಕ್ಕೂ ಹಿಂದಕ್ಕೂ ಬೋಲ್ಟಿನಿಂದ ಬಿಗಿಯುವ ಉಕ್ಕಿನ ಚೌಕಟ್ಟು ಇರಬೇಕು. ಲಾರಿಗೆ ಇರುವಂತೆ ನಮ್ಮ ಟ್ರಾಕ್ಟರಿಗೆ ಸಾಮಾನ್ಯವಾಗಿ ಬೇರೆ ಚಾಸಿ ಇರುವುದಿಲ್ಲ. ಎಂಜಿನ್ನು, ಗೇರಿನ ಪೆಟ್ಟಿಗೆ ಒಂದಕ್ಕೊಂದು ಕೂಡಿಸಿದ್ದೇ ಅದರ ಬೆನ್ನೆಲುಬು. ತೋಡುವ ಪೆಟ್ಟನ್ನೆಲ್ಲ ಆ ಕೀಲುಗಳ ಮೇಲೆ ಹಾಕಿದರೆ ಒಂದು ದಿನ ಬಿರುಕು ಬಿಡುತ್ತದೆ. ಚೌಕಟ್ಟನ್ನು ತಯಾರಕರಿಂದಲೇ, ನಿಮ್ಮ ಟ್ರಾಕ್ಟರಿನ ಮಾದರಿಗೆ ಹೊಂದುವಂಥದ್ದನ್ನೇ ತನ್ನಿ. ನನ್ನಂಥವರ ಹತ್ತಿರ ಬೆಸೆಸಿಕೊಳ್ಳಬೇಡಿ. ಇದು ನನ್ನ ಹೊಟ್ಟೆಪಾಡಿಗೆ ವಿರುದ್ಧವಾದ ಮಾತು, ಇರಲಿ.

ಇನ್ನು ಭಾರದ ವಿಷಯ. ಎತ್ತಿನ ಗಾಡಿಗೆ ಹಿಂಭಾರವಾದರೆ ಏನಾಗುತ್ತದೆ? ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಬರುತ್ತದೆ. ಗಾಡಿ ಹೂಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಟ್ರಾಕ್ಟರಿನಲ್ಲಿ ಮೂಕಿಯ ಬದಲು ಮುಂದಿನ ಗಾಲಿ ಏಳುತ್ತದೆ. ಅದು ಪೂರ್ತಿ ಏಳುವ ಮೊದಲೇ ಸ್ಟೀರಿಂಗ್ ಮಾತು ಕೇಳುವುದಿಲ್ಲ.

ಒಂದು ಲೆಕ್ಕ ನೋಡೋಣ. ಟ್ರಾಕ್ಟರು 900 ಕಿಲೋ ಇದೆ, ಅದರಲ್ಲಿ ಮುಂದಿನ ಗಾಲಿಗಳ ಮೇಲೆ 360 ಕಿಲೋ ಎಂದುಕೊಳ್ಳಿ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಒಂದೂವರೆ ಮೀಟರು. 300 ಕಿಲೋ ತೂಕದ ಕೈಯನ್ನು ಹಿಂದೆ ಕಟ್ಟಿದಿರಿ, ಅದರ ಭಾರದ ನಡು ಹಿಂದಿನ ಅಚ್ಚಿನಿಂದ 80 ಸೆಂಟಿಮೀಟರು ಹೊರಗೆ. 300ನ್ನು 0.8ರಿಂದ ಗುಣಿಸಿ ಒಂದೂವರೆಯಿಂದ ಭಾಗಿಸಿದರೆ 160. ಅಷ್ಟು ಕಿಲೋ ಮುಂದಿನ ಗಾಲಿಯಿಂದ ಹಾರಿಹೋಯಿತು. ಉಳಿದದ್ದು 200. ಒಟ್ಟು ತೂಕವೀಗ 1200, ಅಂದರೆ ಮುಂದೆ ಇರುವುದು ಆರರಲ್ಲಿ ಒಂದು ಪಾಲು. ಗಾಲಿ ತಿರುಗಿಸಿದ ಕಡೆ ಟ್ರಾಕ್ಟರು ತಿರುಗಬೇಕಾದರೆ ಐದರಲ್ಲಿ ಒಂದು ಪಾಲಾದರೂ ಮುಂದಿರಬೇಕು ಎಂಬುದು ಬಲ್ಲವರ ಲೆಕ್ಕ. ಮುಂದಿನ ಅಚ್ಚಿಗಿಂತ ಅರ್ಧ ಮೀಟರು ಮುಂದಕ್ಕೆ 100 ಕಿಲೋ ಬೀಡಿನ ಬಿಲ್ಲೆಗಳನ್ನು ತೂಗಹಾಕಿದಿರಾದರೆ, ಮುಂಭಾರ 333 ಕಿಲೋ ಆಗುತ್ತದೆ. ಒಟ್ಟು 1300ರಲ್ಲಿ ಕಾಲು ಪಾಲು ಮುಂದೆ ಬಂತು. ಸಾಕು. ಚೀಲದಲ್ಲಿ ಕಲ್ಲು ತುಂಬಿ ಬಾನೆಟ್ಟಿಗೆ ಕಟ್ಟುವವರನ್ನೂ ನೋಡಿದ್ದೇನೆ. ಚೀಲ ಜಾರುತ್ತದೆ, ಬೇಡ.

ಪಕ್ಕಕ್ಕೆ ಮಗುಚುವುದು ಇನ್ನೊಂದು ಅಪಾಯ, ಇದು ಕಣ್ಣಿಗೆ ಕಾಣದ್ದು. ಮುಂದಿನ ಅಚ್ಚು ನಡುವೆ ಒಂದೇ ಕೀಲಿನ ಮೇಲೆ ತೂಗುತ್ತಿರುತ್ತದೆ, ಹಳ್ಳ ತಿಟ್ಟಿನಲ್ಲಿ ನಾಲ್ಕು ಗಾಲಿಯೂ ನೆಲ ಮುಟ್ಟಲಿ ಅಂತ. ಹೀಗಾಗಿ ನೋಡುವುದಕ್ಕೆ ನಾಲ್ಕು ಕಾಲಿದ್ದರೂ ಟ್ರಾಕ್ಟರು ನಿಂತಿರುವುದು ಮುಕ್ಕಾಲಿಯಂತೆ: ಹಿಂದಿನ ಎರಡು ಗಾಲಿ, ಮುಂದೆ ಆ ಕೀಲು. ತುಂಬಿದ ಬಕೆಟ್ಟನ್ನು ಉದ್ದಕ್ಕೆ ಚಾಚಿ ಪಕ್ಕಕ್ಕೆ ತಿರುಗಿಸಿದಾಗ ಭಾರವೆಲ್ಲ ಒಂದು ಮೂಲೆಗೆ ಬೀಳುತ್ತದೆ. ಅದಕ್ಕೇ ಆಚೀಚೆ ನೆಲಕ್ಕೆ ಊರುವ ಎರಡು ಕಬ್ಬಿಣದ ಕಾಲುಗಳನ್ನು ಕೊಟ್ಟಿರುವುದು. ಊರುಗಾಲು ಎನ್ನೋಣ.

ಕೈಯನ್ನು ಬಿಚ್ಚುವ ಮೊದಲೇ ಊರುಗಾಲು ಇಳಿಯಬೇಕು. ಹಿಂದಿನ ಟೈರಿನ ಮೇಲಿನ ಭಾರ ಇಳಿಯುವಷ್ಟು ಊರಿ, ಟ್ರಾಕ್ಟರು ಮಟ್ಟವಾಗಿರಲಿ. ಮುಂದೆ ಲೋಡರು ಇದ್ದರೆ ಅದರ ಬಕೆಟ್ಟನ್ನೂ ನೆಲಕ್ಕೆ ಒತ್ತಿಡಿ. ಕೆರೆ ಗೋಡು, ನೀರು ಕುಡಿದ ಎರೆಮಣ್ಣು, ಹೊಸದಾಗಿ ಹಾಕಿದ ಬದು, ಇಂಥ ಕಡೆ ಊರುಗಾಲು ಬೆಣ್ಣೆಯಲ್ಲಿ ಕಡ್ಡಿ ಇಳಿದಂತೆ ಇಳಿಯುತ್ತದೆ. ಒಂದು ಕಾಲು ಇಳಿದರೆ ಸಾಕು, ತಿರುಗಿದ ಬಕೆಟ್ಟು ಉಳಿದದ್ದನ್ನು ಮಾಡಿ ಮುಗಿಸುತ್ತದೆ. ಕಾಲಿನ ಕೆಳಗೆ ದಪ್ಪ, ಅಗಲವಾದ ಹಲಗೆ ಹಾಕಿ. ಹತ್ತು ಬಕೆಟ್ ತೋಡಿದ ಮೇಲೆ ಕೆಳಗಿಳಿದು ಕಾಲು ಹೂತಿದೆಯೇ ನೋಡಿ. ತೋಡುತ್ತ ತೋಡುತ್ತ ನಿಮ್ಮ ಕಾಲಬುಡಕ್ಕೇ ಬರಬೇಡಿ. ಗುಂಡಿ ಎಷ್ಟು ಆಳವೋ ಅಷ್ಟು ದೂರವಾದರೂ ಅಂಚಿನಿಂದ ಗಾಲಿ ದೂರವಿರುವುದು ಕ್ಷೇಮ. ಹಿಂದಿನ ಗಾಲಿ, ಊರುಗಾಲು ಗುಂಡಿಯ ಹತ್ತಿರವೇ ಇರಬೇಕಾದ ಕೆಲಸವಾದ್ದರಿಂದ, ಆಳ ಹೆಚ್ಚಿದಂತೆ ಟ್ರಾಕ್ಟರನ್ನು ಮುಂದಕ್ಕೆ ಸರಿಸಿಕೊಳ್ಳಿ. ಬಕೆಟ್ಟು ಮುಟ್ಟದಷ್ಟು ಆಳ ಬೇಕಾದರೆ ಆ ಕೆಲಸ ಈ ಯಂತ್ರದ್ದಲ್ಲ.

ಇಳಿಜಾರಿನಲ್ಲಿ ತೋಡಿದ ಮಣ್ಣನ್ನು ಏರಿನ ಕಡೆಗೇ ಸುರಿಯಿರಿ. ಇಳಿಜಾರಿನ ಕಡೆ ಸುರಿಯುವುದು ಸುಲಭ ಅನ್ನಿಸುತ್ತದೆ, ಮಗುಚುವುದೂ ಅಷ್ಟೇ ಸುಲಭ. ದಿಣ್ಣೆ ಹತ್ತುವಾಗ ಹಿಮ್ಮುಖವಾಗಿ ಹತ್ತಿ, ಇಳಿಯುವಾಗ ಮುಮ್ಮುಖವಾಗಿ ಇಳಿಯಿರಿ, ಭಾರವಾದ ತುದಿ ಯಾವಾಗಲೂ ಮೇಲ್ಗಡೆ ಇರಬೇಕು. ರಸ್ತೆಗೆ ಬರುವ ಮುಂಚೆ ಕೈಯನ್ನು ಮಡಿಸಿ ನಡುವಿಗೆ ತಂದು ಗೂಟ ಹಾಕಿ, ಎರಡು ಬ್ರೇಕು ಪೆಡಲನ್ನೂ ಕೂಡಿಸಿ.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಂಡ ತೋಡಿಸುವ ಉತ್ಸಾಹ ಹೆಚ್ಚಿತು. ಸಂತೋಷ. ಆದರೆ 10 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡವೆಂದರೆ ನೂರಾರು ಟನ್ ಮಣ್ಣು. ಅದಕ್ಕೆ ದೊಡ್ಡ ಯಂತ್ರವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತನ್ನಿ. ತೆಂಗಿನ ಗುಂಡಿ, ಪೈಪಿನ ಚರಂಡಿ, ತೋಟದ ಬಸಿಗಾಲುವೆ, ಇಷ್ಟು ಸಣ್ಣ ಟ್ರಾಕ್ಟರಿನ ಪಾಲಿಗೆ ಇರಲಿ.

ತಾಯಂದಿರಿಗೆ ಒಂದು ಮಾತು. ಬುತ್ತಿ ತಂದಾಗ ಯಂತ್ರ ನಿಲ್ಲುವವರೆಗೆ ದೂರದಲ್ಲೇ ನಿಂತು ಕೂಗಿ. ಕೈ ತಿರುಗುವ ಸುತ್ತಳತೆಯೊಳಗೆ ಮಕ್ಕಳನ್ನು ಬಿಡಬೇಡಿ. ಎಂಜಿನ್ ನಿಲ್ಲಿಸುವುದು ಹೇಗೆ ಎಂಬುದನ್ನು ಮನೆಯವರೆಲ್ಲ ಕಲಿತಿರಿ. ಆ ಹುಡುಗನಿಗೆ ಅದು ಗೊತ್ತಿತ್ತು.

ಅವನ ತಂದೆ ಈಗ ಎದ್ದು ಓಡಾಡುತ್ತಿದ್ದಾರೆ. ಹೋದ ತಿಂಗಳು ತಾವೇ ಬಂದರು, "ಚೌಕಟ್ಟು ಬೆಸೆದುಕೊಡಿ" ಅಂದರು. ಮಾರಿದವರ ಹತ್ತಿರವೇ ತರಿಸಿಕೊಳ್ಳಿ ಅಂದೆ. ಬೇಸರಪಟ್ಟುಕೊಂಡರು. ಊರುಗಾಲಿಗೆ ಎರಡು ಹಲಗೆ ಮಾತ್ರ, ಅಂಚಿಗೆ ಕಬ್ಬಿಣದ ಪಟ್ಟಿ ಹೊಡೆದು, ಎತ್ತಿಡುವುದಕ್ಕೆ ಹಗ್ಗದ ಹಿಡಿ ಹಾಕಿ ಮಾಡಿಕೊಟ್ಟೆ.